ಬೆಟ್ಟದ ಪ್ಯಾಕು ಬೇಡ

ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ತಗಡಿನ ಬಾಗಿಲಿಗೆ ಒಳಮೈಯಲ್ಲಿ ಒಂದು ಕರಿಹಲಗೆ ತೂಗುಹಾಕಿತ್ತು. ಬಾಗಿಲನ್ನು ಪೂರ್ತಿ ತೆರೆದು ಹೊರಗೋಡೆಗೆ ಆನಿಸಿದಾಗ ಅದು ರಸ್ತೆಗೆ ಕಾಣುತ್ತಿತ್ತು. ಬೇರೆ ಮೆಕ್ಯಾನಿಕ್‌ಗಳಾದರೆ ಅಂಥ ಹಲಗೆಯ ಮೇಲೆ ಯಾರ ಗಾಡಿ ಯಾವತ್ತು ಕೊಡಬೇಕು ಅಂತ ಗುರುತು ಹಾಕಿಕೊಳ್ಳುತ್ತಾರೆ. ಈ ಮೆಕ್ಯಾನಿಕ್ಕು ಬರೆಯುತ್ತಿದ್ದದ್ದು ವಿಡಿಯೋ ಗೇಮುಗಳ ಹೆಸರು. ಸೀಮೆಸುಣ್ಣದಲ್ಲಿ ಎರಡು ಉದ್ದ ಗೆರೆ ಎಳೆದು ಹಲಗೆಯನ್ನು ಮೂರು ಭಾಗ ಮಾಡಿದ್ದ. ಮೇಲೆ ‘ತಗೊಳ್ಳಿ’, ‘ತಡೀರಿ’, ‘ಬೇಡ’ ಎಂದು ಬರೆದಿದ್ದ.

ಊರಿನಲ್ಲಿ ಸಂಜೆ ಅಂಗಡಿಗಳ ಬಾಗಿಲು ಬಿದ್ದವೆಂದರೆ ಮತ್ತೆ ಹೋಗಲು ಜಾಗವಿರಲಿಲ್ಲ. ಹೊಲ ದನ ಅಂತ ದಿನವೆಲ್ಲ ದುಡಿದು ಬಂದವರು ಟೀವಿಯ ಮುಂದೆ ಕೂತು ಆಟ ಆಡುತ್ತಿದ್ದರು. ಕೋಳಿ ಫಾರಮ್ಮಿನವನು, ಶಾಲೆಯ ಬಸ್ಸಿನ ಡ್ರೈವರು, ಕಾಗದ ಹಂಚುವ ಹೆಂಗಸು, ಇಟ್ಟಿಗೆ ಗೂಡಿನ ಅಣ್ಣತಮ್ಮಂದಿರು, ಹೀಗೆ ಹನ್ನೊಂದು ಮನೆಯವರು ಆ ಹಲಗೆ ನೋಡದೆ ಹೊಸ ಆಟ ಕೊಳ್ಳುತ್ತಿರಲಿಲ್ಲ. ಆಟ ಕೊಳ್ಳುವುದು ಒಂದು ಕಷ್ಟವಾದರೆ, ಕೊಂಡ ಮೇಲೆ ಅದಕ್ಕೆ ಜೋಡಿಸುವ ಪ್ಯಾಕುಗಳದು ಇನ್ನೊಂದು. ತಿಂಗಳಿಗೊಂದು ಬರುತ್ತಿತ್ತು. ಯಾವುದರಲ್ಲಿ ಹುರುಳಿದೆ, ಯಾವುದು ಬರೀ ಬಣ್ಣ ಎಂದು ಹೊರಗಿನಿಂದ ಹೇಳುವ ಹಾಗಿರಲಿಲ್ಲ.

“ಈ ಮೀನು ಹಿಡಿಯೋ ಆಟ ಯಾಕಪ್ಪ ಬೇಡ?” ಎಂದು ಕೋಳಿ ಫಾರಮ್ಮಿನವನು ಒಂದು ಸಲ ಕೇಳಿದ್ದ.

“ದೋಣಿ ಕೊಡ್ತಾರೆ, ಬಲೆ ಕೊಡಲ್ಲ. ಬಲೆ ಬೇಕು ಅಂದ್ರೆ ಬೇರೆ ಪ್ಯಾಕು,” ಎಂದ ಮೆಕ್ಯಾನಿಕ್ಕು.

“ಹೋಗ್ಲಿ ಬಿಡು, ಕೈಯಲ್ಲೇ ಹಿಡೀತೀನಿ.”

“ಕೈಗೂ ಒಂದು ಪ್ಯಾಕು ಮಾಡಿರ್ತಾರೆ, ನೋಡ್ತಿರು.”

ಮೆಕ್ಯಾನಿಕ್ಕಿನ ಪರೀಕ್ಷೆ ಯಾವಾಗಲೂ ಅದೇ. ಆಟದ ಜೊತೆ ಬರಬೇಕಾದ ಸಾಮಾನನ್ನೇ ಬಿಚ್ಚಿಟ್ಟುಕೊಂಡು ಆಮೇಲೆ ಬೇರೆಯಾಗಿ ಮಾರುತ್ತಿದ್ದಾರೋ, ಅಥವಾ ನಿಜವಾಗಿ ಹೊಸದೇನಾದರೂ ಕೊಡುತ್ತಿದ್ದಾರೋ ಎಂಬುದು. ಆದರೆ ಎಲ್ಲವನ್ನೂ ಅವನೊಬ್ಬನೇ ನೋಡುತ್ತಿರಲಿಲ್ಲ. ಈ ಕೆಲಸದಲ್ಲಿ ಅವನ ಜೊತೆಗಾರ ಅವನ ಹೆಂಡತಿಯ ತಮ್ಮ. ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಇವನ ಉದ್ಯೋಗ. ಬೆಳಿಗ್ಗೆ ಸಂಜೆ ಇನ್ನೂರು ಮನೆಯ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು ಎಷ್ಟು ಡಿಗ್ರಿ ಎಂದು ಕೂಗಿ ಹೇಳುತ್ತಿದ್ದುದರಿಂದ ಎಲ್ಲರೂ ಅವನನ್ನು ಡಿಗ್ರಿ ಎಂದೇ ಕರೆಯುತ್ತಿದ್ದರು. ಅವನು ಹೇಳಿದ ಡಿಗ್ರಿಯ ಮೇಲೆ ಹಾಲಿನ ಬೆಲೆ. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಅವನ ಕಡ್ಡಿಯನ್ನು ಬಗ್ಗಿ ನೋಡಿದವರಿರಲಿಲ್ಲ.

ಭಾವ, ಭಾಮೈದ ಇಬ್ಬರೂ ಸೇರಿ ಮಾಡಿಕೊಂಡಿದ್ದ ಕ್ರಮ ಹೀಗಿತ್ತು. ಒಂದು ಪ್ಯಾಕನ್ನು ಒಬ್ಬನೇ ಕೊಳ್ಳಬೇಕು. ಸರದಿಯವನು ಹತ್ತು ಗಂಟೆ ಆಡಬೇಕು. ಮೊದಲ ಎರಡು ಗಂಟೆಯಲ್ಲಿ ಏನನ್ನಿಸಿದರೂ ಲೆಕ್ಕಕ್ಕಿಲ್ಲ. “ನೊರೆ ಇಳೀಬೇಕು ಭಾವ, ನೊರೆ ಮೇಲೆ ಕಡ್ಡಿ ಇಟ್ರೆ ಸುಳ್ಳು ತೋರಿಸುತ್ತೆ,” ಎನ್ನುತ್ತಿದ್ದ ಡಿಗ್ರಿ. ಆಮೇಲೆ ಮೂರೇ ಮಾತಿನಲ್ಲಿ ತೀರ್ಪು ಹೇಳಬೇಕು. ಇನ್ನೊಬ್ಬನು ಮರುಪ್ರಶ್ನೆ ಕೇಳದೆ ಅದನ್ನು ಒಪ್ಪಿಕೊಳ್ಳಬೇಕು. ಈ ಕೊನೆಯದು ಮೆಕ್ಯಾನಿಕ್ಕಿಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗಿರಾಕಿ ಹೇಳಿದ ದೂರನ್ನೂ ನಂಬದೆ ತಾನೇ ಎಂಜಿನ್ನಿಗೆ ಕಿವಿಗೊಡುವ ಮನುಷ್ಯ ಅವನು. ಬೋಲ್ಟು ಬಿಗಿಯಾಗಿದೆ ಎಂದು ಯಾರು ಹೇಳಿದರೂ ಮತ್ತೊಮ್ಮೆ ಸ್ಪ್ಯಾನರು ಹಾಕುವವನು. ಕಣ್ಣುಮುಚ್ಚಿ ನಂಬಬಹುದಾದ ಒಂದು ಮಾತು ಲೋಕದಲ್ಲಿದೆ, ಅದು ಮನೆಯೊಳಗೇ ಇದೆ ಎನ್ನುವುದು ಅವನಿಗೊಂದು ನೆಮ್ಮದಿ.

ಬೇಸಾಯದ ಆಟವೊಂದನ್ನು ಊರಿನವರೆಲ್ಲ ವರ್ಷಗಳಿಂದ ಆಡುತ್ತಿದ್ದರು. ಹಗಲೆಲ್ಲ ಹೊಲದಲ್ಲಿದ್ದು ಬಂದವರು ಮತ್ತೆ ಟೀವಿಯಲ್ಲಿ ಹೊಲ ಉಳುತ್ತಾರೆಂದು ಕಾಗದ ಹಂಚುವ ಹೆಂಗಸು ನಗುತ್ತಿದ್ದಳು, ತಾನೂ ಉಳುತ್ತಿದ್ದಳು. ಆ ಆಟದಲ್ಲಿ ಭೂಮಿಯೆಲ್ಲ ಚಪ್ಪಟೆ. ಮೆಕ್ಯಾನಿಕ್ಕಿಗೆ ಅದೊಂದೇ ಕೊರಗು. ಏರಿನಲ್ಲಿ ಎಂಜಿನ್ನು ಏದುಸಿರು ಬಿಡುವ ಸದ್ದು, ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಕ್ಕೆ ತಳ್ಳುವ ಹೆದರಿಕೆ, ಇವಿಲ್ಲದೆ ಅದೆಂಥ ಟ್ರ್ಯಾಕ್ಟರು? ಕೊನೆಗೂ ಬೆಟ್ಟದ ಸೀಮೆ ಇರುವ ಪ್ಯಾಕು ಬರುತ್ತದೆಂದು ಸುದ್ದಿಯಾದಾಗ ಅವನು ತಾರೀಖು ಎಣಿಸುತ್ತ ಕಾದ. ಆದರೆ ಸರದಿ ಡಿಗ್ರಿಯದು. ತನ್ನ ಆಸೆಗಾಗಿ ಕ್ರಮ ಮುರಿಯುವುದು ಮೆಕ್ಯಾನಿಕ್ಕಿಗೆ ಸರಿಕಾಣಲಿಲ್ಲ.

ಒಂದು ವಾರದ ಮೇಲೆ ಡಿಗ್ರಿ ಶೆಡ್ಡಿಗೆ ಬಂದು, ಬಾಗಿಲಲ್ಲೇ ನಿಂತು ತೀರ್ಪು ಹೇಳಿದ. “ಬೆಟ್ಟ ಹೆಸರಿಗೆ ಮಾತ್ರ. ಟ್ರ್ಯಾಕ್ಟರು ಸುಮ್ಮಸುಮ್ಮನೆ ಜಾರುತ್ತೆ. ಎರಡು ಬೆಳೆ ತೆಗೆಯೋ ಹೊತ್ತಿಗೆ ಬೇಜಾರು.”

ಮೂರು ಮಾತು ಮುಗಿದಿತ್ತು. ಅವನು ನಾಲ್ಕನೆಯದೊಂದು ಸೇರಿಸಿದ. “ನೀವಂತೂ ಅದರ ಕಡೆ ತಿರುಗಿಯೂ ನೋಡ್ಬೇಡಿ ಭಾವ, ಸಿಟ್ಟು ಬರುತ್ತೆ.”

ಮೆಕ್ಯಾನಿಕ್ಕು ಒಂದು ನಿಟ್ಟುಸಿರು ಬಿಟ್ಟು, ಎಣ್ಣೆಗೈ ಒರೆಸಿಕೊಂಡು, ‘ಬೇಡ’ ಎಂಬುದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ. ಅದನ್ನೇ ಕೇಳಲು ಬಂದವರಿಗೆಲ್ಲ ತಾನೇ ಆಡಿದವನ ಹಾಗೆ ವಿವರಿಸಿದ. ಹೇಗೆ ಜಾರುತ್ತದೆಂದು ಕೈಯಲ್ಲಿ ಮಾಡಿ ತೋರಿಸಿದ. ಕೋಳಿ ಫಾರಮ್ಮಿನವನು ಕೊಳ್ಳಲು ತಯಾರಾಗಿಯೇ ಬಂದಿದ್ದ, ಅವನನ್ನೂ ತಡೆದ.

ಮೂರು ವಾರ ಕಳೆದವು. ಒಂದು ಮಧ್ಯಾಹ್ನ ಡೇರಿಯ ಕಾರ್ಯದರ್ಶಿ ಫೋನು ಮಾಡಿ, ತಂಪು ಟ್ಯಾಂಕಿನಲ್ಲಿ ಹಾಲು ಕಲಕುವ ಮೋಟರು ಕಿರುಚುತ್ತಿದೆ, ಸಂಜೆ ಹಾಲು ಬರುವುದರೊಳಗೆ ನೋಡಿಕೊಡಬೇಕು ಎಂದ. ಮೆಕ್ಯಾನಿಕ್ಕು ಸ್ಕೂಟರಿನಲ್ಲಿ ಹೋದ. ಹಿಂಬಾಗಿಲಿನ ಬೀಗದ ಕೈ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು. ಬೇರಿಂಗು ಒಣಗಿತ್ತು, ಬಿಚ್ಚಿ, ಗ್ರೀಸು ತುಂಬಿ, ಮತ್ತೆ ಕೂರಿಸಿದ. ಅರ್ಧ ಗಂಟೆಯ ಕೆಲಸ. ಕೈ ತೊಳೆಯಲು ಹಿಂದಿನ ಕೋಣೆಗೆ ಹೋದ. ಡಿಗ್ರಿ ಅಲ್ಲಿಯೇ ಇರುತ್ತಿದ್ದ, ಒಂಟಿ ಮನುಷ್ಯ. ಒಂದು ಮಂಚ, ಒಂದು ಒಲೆ, ತೊಳೆದು ಬೋರಲು ಹಾಕಿದ ಹಾಲಿನ ಕ್ಯಾನುಗಳು, ಟೀವಿ. ಡಿಗ್ರಿ ಇರಲಿಲ್ಲ. ಟೀವಿ ಉರಿಯುತ್ತಿತ್ತು, ಆಟ ಅರ್ಧಕ್ಕೆ ನಿಂತಿತ್ತು.

ತೆರೆಯ ತುಂಬ ಬೆಟ್ಟ.

ಮೆಕ್ಯಾನಿಕ್ಕು ಒದ್ದೆಗೈ ಹಾಗೆಯೇ ಹಿಡಿದು ನಿಂತ. ಬೆಟ್ಟದ ಮೈಯೆಲ್ಲ ಉತ್ತಿತ್ತು. ಒಂದೆರಡು ದಿನದ್ದಲ್ಲ, ವಾರಗಟ್ಟಲೆ ಮಾಡಿದ ಬೇಸಾಯ. ಕೆಳಗಡೆ ಕಣಜ, ಮೇಲೊಂದು ದನದ ಕೊಟ್ಟಿಗೆ, ಮೂರು ಬೆಳೆ ಬೇರೆ ಬೇರೆ ಹಸಿರಿನಲ್ಲಿ ನಿಂತಿದ್ದವು. ಬೇಜಾರಾಯಿತೆಂದು ಬಿಟ್ಟ ಆಟ ಹೀಗಿರುವುದಿಲ್ಲ. ಆದರೆ ಅವನ ಕಣ್ಣು ಹಿಡಿದದ್ದು ಬೇರೆ. ಸಾಲುಗಳು ಇಳಿಜಾರಿಗೆ ಅಡ್ಡವಾಗಿ, ಬೆಟ್ಟದ ಸೊಂಟ ಬಳಸಿ ಹೋಗಿದ್ದವು. ಪ್ರತಿ ತಿರುವಿನಲ್ಲೂ ನಾಲಿಗೆಯಾಕಾರದ ಒಂದು ತುಂಡು ನೆಲ ಉಳದೆ ಬಿಟ್ಟಿತ್ತು.

ಕೈಬರಹದ ಹಾಗೆ ಉಳುಮೆಗೂ ಒಂದು ಕೈ ಇರುತ್ತದೆ. ಡಿಗ್ರಿಯಾದರೆ ಅಂಚಿನವರೆಗೆ ಉಜ್ಜಿ ಉಳುವವನು. ಈ ನಾಲಿಗೆಯನ್ನು ಮೆಕ್ಯಾನಿಕ್ಕು ಇಪ್ಪತ್ತೆರಡು ವರ್ಷದ ಹಿಂದೆ ಒಂದು ಓರೆ ಹೊಲದಲ್ಲಿ ನೋಡಿದ್ದ. ಕೆಟ್ಟುನಿಂತ ಟ್ರ್ಯಾಕ್ಟರನ್ನು ನೋಡಲು ಹೋದಾಗ ಅದರ ಮೇಲೆ ಹೊಲದವರ ಮಗಳು ಕೂತಿದ್ದಳು. ಪ್ರತಿ ತಿರುವಿನಲ್ಲಿ ಇಷ್ಟು ನೆಲ ಯಾಕೆ ದಂಡ ಮಾಡ್ತೀಯ ಅಂದರೆ, “ಗಾಡಿಗೆ ಉಸಿರು ತಗೊಳ್ಳೋಕೆ ಜಾಗ ಬೇಡ್ವಾ?” ಅಂದಿದ್ದಳು. ಮುಂದಿನ ವರ್ಷ ಅವಳನ್ನೇ ಮದುವೆಯಾದ.

ಅವನು ಮಂಚದ ತುದಿಯಲ್ಲಿ ಕೂತ. ಹೆಂಡತಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ತಮ್ಮನ ಕ್ಯಾನು ತೊಳೆದುಕೊಡಲು ಇಲ್ಲಿಗೆ ಬರುತ್ತಿದ್ದಳು. ಇವತ್ತೂ ಬಂದು ಹೋಗಿರಬೇಕು. ಪಾಪ, ಮನೆ ಕೆಲಸದ ಮೇಲೆ ಇದೊಂದು ಹೆಚ್ಚಿಗೆ ಎಂದು ಅವನು ಎಷ್ಟೋ ಸಲ ಮರುಗಿದ್ದ.

ಡಿಗ್ರಿ ಬಂದಾಗ ಕೈಯಲ್ಲಿ ತರಕಾರಿ ಚೀಲವಿತ್ತು. ಭಾವನನ್ನು ನೋಡಿದ, ಟೀವಿ ನೋಡಿದ, ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

“ಮೋಟರು ಸರಿಹೋಯ್ತಾ ಭಾವ?”

“ಸರಿಹೋಯ್ತು. ಸುಮ್ಮಸುಮ್ಮನೆ ಜಾರುತ್ತಾ ಇದು?”

ಡಿಗ್ರಿ ಬಗ್ಗಿ ಚೀಲವನ್ನು ಗೋಡೆಗೆ ಒರಗಿಸತೊಡಗಿದ.

“ಕೇಳ್ತಿದೀನಿ. ಜಾರುತ್ತಾ?”

“ಇಲ್ಲ,” ಎಂದ ಡಿಗ್ರಿ. “ಚೆನ್ನಾಗಿದೆ ಭಾವ. ಇಷ್ಟು ವರ್ಷದಲ್ಲಿ ಇಂಥದ್ದು ಬಂದಿಲ್ಲ.”

ಆ ಮಾತು ಮೆಕ್ಯಾನಿಕ್ಕಿನ ಎದೆಗೆ ಒದ್ದಹಾಗಾಯಿತು. ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ಮುಚ್ಚಲು ನೋಡಿದ್ದರೆ ಬೈದಾದರೂ ಹಗುರಾಗಬಹುದಿತ್ತು. “ನನಗೆ ಹೇಳಿದ್ದೇನು ನೀನು? ಹನ್ನೊಂದು ಮನೆಗೆ ನಾನು ಹೇಳಿದ್ದೇನು?”

“ಅಕ್ಕನ್ನ ಏನೂ ಅನ್ಬೇಡಿ.”

“ಅವಳ ಸುದ್ದಿ ಯಾರು ಎತ್ತಿದ್ರು? ನಾಳೆ ಹಾಲಿಗೂ ಹೀಗೇ ಹೇಳ್ತೀಯಾ, ಬೇಕಾದವರಿಗೊಂದು, ಬೇಡದವರಿಗೊಂದು?”

ಡಿಗ್ರಿಯ ಮುಖ ಕಪ್ಪಿಟ್ಟಿತು. “ಹಾಲಿನ ಮಾತು ಆಡ್ಬೇಡಿ ಭಾವ,” ಎಂದ. “ಅದು ಬೇರೆ.”

“ನನಗೆ ಎರಡೂ ಒಂದೇ ಆಗಿತ್ತು ಕಣೋ.”

ಮನೆಯಲ್ಲಿ ಹೆಂಡತಿ ಹಿತ್ತಲಿನ ತಂತಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವನು ಇಷ್ಟು ಬೇಗ ಬಂದದ್ದು ನೋಡಿಯೇ ಅವಳಿಗೆ ತಿಳಿಯಿತು. ತಮ್ಮನೇ ಫೋನು ಮಾಡಿ ಹೇಳಿದ್ದನೋ ಏನೋ. ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ನಿಂತಳು.

“ಅವನಿಗೆ ಹಾಗೆ ಹೇಳು ಅಂದದ್ದು ನಾನೇ,” ಎಂದಳು, ಅವನು ಬಾಯಿ ತೆಗೆಯುವ ಮೊದಲೇ. “ಅವನು ಎರಡು ದಿನ ಒಪ್ಪಲಿಲ್ಲ. ನಾನು ಬಿಡಲಿಲ್ಲ.”

ಡೇರಿಯಿಂದ ಬರುವಾಗ ದಾರಿಯುದ್ದಕ್ಕೂ ಮೆಕ್ಯಾನಿಕ್ಕು ಭಾಮೈದನ ಮೇಲೆ ಸಿಟ್ಟನ್ನು ಜೋಡಿಸಿಕೊಂಡು ಬಂದಿದ್ದ. ಅದನ್ನು ಈಗ ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ. “ಯಾಕೆ?” ಎಂದ.

“ಚೆನ್ನಾಗಿದೆ ಅಂದ್ರೆ ನೀವು ತಗೋತಿದ್ರಿ. ತಗೊಂಡು ಕೂತ್ಕೋತಿದ್ರಿ, ನಾನು ತಮ್ಮನ ಹತ್ರ ಆಡಿದ್ರೂ ಹೇಳಿಕೊಡೋಕೆ ಬರ್ತಿದ್ರಿ. ಆಮೇಲೆ ನಾನು ಎಲ್ಲಿ ಆಡ್ಲಿ?”

“ನಾನೇನು ಬೇಡ ಅಂದಿದ್ನಾ? ಒಂದು ಸಲ ಕೇಳಿದ್ರೆ ಕೊಡ್ತಿರಲಿಲ್ವಾ?”

“ಎರಡು ಸಲ ಕೇಳಿದ್ದೆ. ಎರಡು ಸಲಾನೂ ಕೊಟ್ರಿ. ಐದು ನಿಮಿಷ ಆಗೋದ್ರೊಳಗೆ, ಕೊಡಿಲ್ಲಿ, ಹಾಗಲ್ಲ ಅಂತ ಕಂಟ್ರೋಲರು ಕಿತ್ಕೊಂಡ್ರಿ. ನೀವು ಕಿತ್ಕೊಂಡದ್ದು ನಿಮಗೇ ಗೊತ್ತಿಲ್ಲ, ಬಿಡಿ.” ಅವಳ ದನಿ ಏರಲಿಲ್ಲ. “ಮೆಕ್ಯಾನಿಕ್ಕಿನ ಹೆಂಡತಿ ನಾನು. ಅಂಗಳದ ತುಂಬ ಟ್ರ್ಯಾಕ್ಟರು. ಮದುವೆ ಆದ ಮೇಲೆ ಒಂದರ ಮೇಲಾದ್ರೂ ಹತ್ತಿದೀನಾ, ಹೇಳಿ. ಬೆಟ್ಟದ ಪ್ಯಾಕು ಬಂದ ದಿನ ತಮ್ಮ ನನ್ನ ಕೈಗೆ ಕೊಟ್ಟು, ನೀನು ಆಡಕ್ಕ, ನಮ್ಮ ಓರೆ ಹೊಲದ ಹಾಗೇ ಇದೆ ಅಂದ. ಒಂದು ಗಂಟೆ ಅವನು ಬಾಯಿಬಿಡಲಿಲ್ಲ. ಸುಮ್ಮನೆ ಕೂತು ನೋಡ್ದ.”

“ಅದನ್ನ ನನ್ನ ಹತ್ರ ಹೇಳಬಹುದಿತ್ತು.”

“ಹೇಳಿದ್ರೆ?”

“ಹೇಳಿದ್ರೆ ನಿನ್ನ ಪಾಡಿಗೆ ಬಿಡ್ತಿದ್ದೆ. ನಾನೇನು ಅಷ್ಟೂ ತಿಳೀದವನಾ? ನೀನು ಆ ತಿರುವಿನಲ್ಲಿ ನಾಲಿಗೆ ಬಿಡೋದೊಂದು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತಗೊಂಡು ತಿರುಗಿಸಿದ್ರೆ...”

ಅಲ್ಲಿಗೆ ಅವನೇ ನಿಂತ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ನಗುತ್ತಾಳೇನೋ ಎಂದುಕೊಂಡ. ಅವಳು ನಗಲಿಲ್ಲ.

“ನೋಡಿದ್ರಾ,” ಎಂದಳು ಅಷ್ಟೇ.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅದು ಅವನಿಗೂ ಗೊತ್ತಾಯಿತು. ಆದರೆ ಅದರಿಂದ ನೋವು ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ತಾನು ಕಿತ್ತುಕೊಂಡದ್ದು ತಪ್ಪೇ ಇರಬಹುದು. ಆದರೆ ಅದಕ್ಕೆ ಇಬ್ಬರೂ ಕೂಡಿ ಆರಿಸಿದ ಜಾಗ ಯಾವುದು? ತಾನು ಕಣ್ಣುಮುಚ್ಚಿ ನಡೆಯುತ್ತಿದ್ದ ಒಂದೇ ಒಂದು ಜಾಗ. ಅಲ್ಲೇ ಹಳ್ಳ ತೋಡಿದರು.

“ಹನ್ನೊಂದು ಮನೆಯವರು ನನ್ನ ಮಾತು ನಂಬಿ ಬಿಟ್ಟಿದಾರೆ,” ಎಂದ.

ಅವಳು ಬಟ್ಟೆಯ ಕಡೆ ನೋಡುತ್ತ, “ಅವರ ಯೋಚನೆ ನನಗೆ ಬರಲೇ ಇಲ್ಲ,” ಎಂದಳು. “ಅದೊಂದು ತಪ್ಪು ಮಾಡಿದೆ. ನೀವು ಹಲಗೆ ಮೇಲೆ ಸರಿಮಾಡಿ ಬರೀರಿ. ಬೇಕಾದ್ರೆ ನನ್ನ ಹೆಸರು ಹೇಳಿ.” ಬಟ್ಟೆಯ ರಾಶಿಯನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, “ಆದ್ರೆ ಆ ಬೆಟ್ಟಕ್ಕೆ ನೀವು ಬರಬೇಡಿ. ಬೇಕಾದ್ರೆ ಬೇರೆ ಬೆಟ್ಟ ತಗೊಳ್ಳಿ,” ಎಂದಳು.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ಕು ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದ. ಒದ್ದೆ ಬಟ್ಟೆಯಿಂದ ‘ಬೇಡ’ದ ಕೆಳಗಿದ್ದ ಬೆಟ್ಟದ ಪ್ಯಾಕನ್ನು ಒರೆಸಿದ. ಸೀಮೆಸುಣ್ಣ ಹಿಡಿದು ‘ತಗೊಳ್ಳಿ’ ಎಂಬುದರ ಮುಂದೆ ನಿಂತ. ಯಾರ ಮಾತಿನ ಮೇಲೆ ಬರೆಯುವುದು? ತಾನು ಆಡಿಲ್ಲ. ಚೆನ್ನಾಗಿದೆ ಎಂದು ಡಿಗ್ರಿ ಈಗ ಹೇಳುತ್ತಾನೆ, ಬೇಜಾರು ಎಂದು ಆಗ ಹೇಳಿದ್ದೂ ಅವನೇ. ನಿನ್ನೆಯ ತನಕ ಇಂಥ ಪ್ರಶ್ನೆ ಎದ್ದದ್ದಿಲ್ಲ. ಹಲಗೆಯ ಮೇಲಿನಿಂದ ಕೆಳಕ್ಕೆ ಓದಿದ. ಅದರಲ್ಲಿ ಅರ್ಧಕ್ಕರ್ಧ ಡಿಗ್ರಿ ನೋಡಿದವು. ಒಂದೊಂದನ್ನೂ ಈಗ ಅನುಮಾನದಿಂದ ನೋಡುವಂತಾಯಿತು. ಸೀಮೆಸುಣ್ಣವನ್ನು ಕೆಳಗಿಟ್ಟ. ಒರೆಸಿದ ಜಾಗ ಹಾಗೆಯೇ ಒದ್ದೆಯಾಗಿ ಉಳಿಯಿತು.

ಎಂಟು ಗಂಟೆಗೆ ಕೋಳಿ ಫಾರಮ್ಮಿನವನು ರಿಪೇರಿಗೆ ಬಿಟ್ಟಿದ್ದ ಜನರೇಟರು ಒಯ್ಯಲು ಬಂದ. ಬರುತ್ತಲೇ ಹಲಗೆ ನೋಡಿದ.

“ಇದೇನಪ್ಪ, ಬೆಟ್ಟ ಮಾಯ ಆಗಿದೆ?”

“ಅಳಿಸ್ದೆ.”

“ನಾನೂ ಅದನ್ನೇ ಕೇಳೋಣ ಅಂತಿದ್ದೆ. ನಮ್ಮ ಷಡ್ಡಕ ಅದನ್ನ ತಗೊಂಡಿದಾನೆ. ಊಟ ನಿದ್ದೆ ಬಿಟ್ಟು ಆಡ್ತಿದಾನಂತೆ. ಜಾರುತ್ತಾ ಅಂತ ಕೇಳಿದ್ರೆ, ಯಾವನೋ ನಿನಗೆ ಹೇಳಿದ್ದು, ಅವನ ತಲೆ ಜಾರಿರಬೇಕು ಅಂದ.” ಅವನು ನಕ್ಕ. ನಕ್ಕಮೇಲೆ ಮೆಕ್ಯಾನಿಕ್ಕಿನ ಮುಖ ನೋಡಿ ಕೇಳಿದ, “ನಿಜವಾಗ್ಲೂ, ಏನಾಯ್ತು? ಅದನ್ನ ನೋಡಿದವರು ಯಾರು?”

ಡಿಗ್ರಿ ನೋಡಿದ್ದು ಎಂದರೆ ಮುಗಿಯುತ್ತಿತ್ತು. ಅದು ಸತ್ಯವೂ ಆಗಿತ್ತು. ಮೆಕ್ಯಾನಿಕ್ಕಿನ ನಾಲಿಗೆಯ ತುದಿಗೆ ಬಂದೂ ಇತ್ತು. ಈ ಮನುಷ್ಯ ಮೂರು ಎಮ್ಮೆಯ ಹಾಲು ಡೇರಿಗೆ ಹಾಕುವವನು. ಇವತ್ತೂ ಅಲ್ಲಿಗೆ ಹೋಗುತ್ತಾನೆ. ಸಂಜೆ ಸಾಲಿನಲ್ಲಿ ನಿಂತು ಯಾರ ಕಿವಿಯಲ್ಲಾದರೂ ಒಂದು ಮಾತು ಆಡಿದರೆ ಸಾಕು, ಹದಿನಾಲ್ಕು ವರ್ಷ ಯಾರೂ ಬಗ್ಗಿ ನೋಡದ ಗಾಜಿನ ಕಡ್ಡಿಯನ್ನು ಇನ್ನೂರು ಮನೆಯವರೂ ಬಗ್ಗಿ ನೋಡುತ್ತಾರೆ. ನೋಡಲಿ ಎಂದು ಒಂದು ಕ್ಷಣ ಅನ್ನಿಸಿತು. ತನಗಾದದ್ದು ಅವನಿಗೂ ಆಗಲಿ.

“ಯಾರೂ ನೋಡಿರಲಿಲ್ಲ,” ಎಂದ ಮೆಕ್ಯಾನಿಕ್ಕು. “ನಾನು ನೋಡದೆ ಬರೆದೆ.”

ಕೋಳಿ ಫಾರಮ್ಮಿನವನ ನಗು ಮೆಲ್ಲಗೆ ಇಳಿಯಿತು. “ನೋಡದೆ? ಹೀಗೆ ಜಾರುತ್ತೆ, ಹಾಗೆ ಜಾರುತ್ತೆ ಅಂತ ಕೈಯಲ್ಲಿ ಮಾಡಿ ತೋರಿಸಿದ್ಯಲ್ಲೋ.”

“ತೋರಿಸ್ದೆ.”

“ಹಾಗಾದ್ರೆ ಉಳಿದವು? ಆ ಮೀನಿನ ಆಟ?”

“ಅದು ನೋಡಿದ್ದು.”

“ಯಾವುದು ನೋಡಿದ್ದು, ಯಾವುದು ನೋಡದ್ದು ಅಂತ ನಮಗೆ ಹೇಗಪ್ಪ ಗೊತ್ತಾಗಬೇಕು?” ಅವನ ದನಿಯಲ್ಲಿ ಜಗಳವಿರಲಿಲ್ಲ. ಬಹಳ ದಿನ ನಂಬಿದವನೊಬ್ಬನ ಮುಂದೆ ಹೇಗೆ ನಿಲ್ಲಬೇಕೆಂದು ತಿಳಿಯದವನ ಹಾಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಆಮೇಲೆ ಬಗ್ಗಿ ಜನರೇಟರಿನ ಹಿಡಿಕೆ ಹಿಡಿದ. ಎತ್ತಲಿಲ್ಲ.

“ಇದರದ್ದು ಸ್ಪಾರ್ಕ್ ಪ್ಲಗ್ಗು ಹೊಸದು ಹಾಕಿದೀನಿ ಅಂದ್ಯಲ್ಲ.”

“ಹಾಕಿದೀನಿ.”

“ಅಲ್ಲ, ಸುಮ್ಮನೆ ಕೇಳ್ದೆ,” ಎಂದ ಕೋಳಿ ಫಾರಮ್ಮಿನವನು. ಆದರೆ ಹಿಡಿಕೆಯನ್ನು ಬಿಟ್ಟು ನೆಟ್ಟಗೆ ನಿಂತ. ಬಿಸಿಲು ಏರುತ್ತಿದ್ದರೂ ಹೊರಡುವ ಅವಸರ ತೋರಿಸಲಿಲ್ಲ.

ಈ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ಇಂಥದೊಂದು ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೆಕ್ಯಾನಿಕ್ಕು ಪ್ಲಗ್ ಸ್ಪ್ಯಾನರು ಹುಡುಕಿ ತಂದ. ಮಂಡಿಯೂರಿ ಕೂತು, ನಿನ್ನೆ ಬೆಳಿಗ್ಗೆ ತಾನೇ ಬಿಗಿದಿದ್ದ ಪ್ಲಗ್ಗನ್ನು ಸುತ್ತು ಸುತ್ತಾಗಿ ಸಡಿಲಿಸಿ ಹೊರತೆಗೆದು, ಬಿಳಿ ಪಿಂಗಾಣಿ ಮೇಲೆ ಬರುವ ಹಾಗೆ ಅವನ ಅಂಗೈಯಲ್ಲಿಟ್ಟ. ಕೋಳಿ ಫಾರಮ್ಮಿನವನು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

“ಹೊಸದೇ,” ಎಂದು ಹಿಂದಕ್ಕೆ ಕೊಟ್ಟ.